ವಿಕ್ರಮ್ ಲ್ಯಾಂಡರ್‌ಗೆ ಕಾಲು ಹುಡುಕ್ಕೊಂಡು ಶಿವಾರಪಟ್ಟಣಕ್ಕೆ

ಚಂದ್ರನಿಗೆ ಸಂಬಂಧಪಟ್ಟ ಐಟಂ ಕೂಡಿಡೋ ಹುಚ್ಚು ನಂಗೆ ಮೊದ್ಲಿಂದಾನೂ ಇದೆ. ಮನುಷ್ಯ ಚಂದ್ರನ ಮೇಲೆ ಇಳಿದಿದ್ದಕ್ಕೆ 1969ರಲ್ಲಿ ನಮ್ಮ ಅಂಚೆ ಇಲಾಖೆ ಬಿಟ್ಟ 20 ಪೈಸೆ ಸ್ಟಾಂಪು ಇದೆ, ಅಪೊಲೊ ಬ್ಯಾಡ್ಜುಗಳಿವೆ, ಆದ್ರೆ ಚಂದ್ರಯಾನ-3 ಹೆಸ್ರಲ್ಲಿ ಆನ್‌ಲೈನಲ್ಲಿ ನಂಗೆ ಸಿಕ್ಕಿದ್ದೆಲ್ಲ ಪ್ಲಾಸ್ಟಿಕ್ ಕೀಚೈನು, ಅದ್ರಲ್ಲೊಂದು ವಿಕ್ರಮ್ ಲ್ಯಾಂಡರ್‌ಗೆ ನಾಕರ ಬದ್ಲು ಮೂರೇ ಕಾಲು ಮಾರಾಯ್ರೆ! ಅದಕ್ಕೇ ಫ್ರೆಂಡ್‌ನ ಎಳ್ಕೊಂಡು ಮಾಲೂರಿಗೆ ಟ್ರೈನ್ ಹತ್ತಿ, ಅಲ್ಲಿಂದ ಆಟೋದಲ್ಲಿ ಶಿವಾರಪಟ್ಟಣ. ವಿಗ್ರಹ ಕೆತ್ತೋರ ಊರು.

ರಸ್ತೆ ಪಕ್ಕದಲ್ಲೇ ಅರ್ಧ ಕೆತ್ತಿದ ಗಣೇಶ, ಆಂಜನೇಯ, ಮೈಯೆಲ್ಲ ಬಿಳಿ ಧೂಳು. ಉಳಿ ಸದ್ದಿಗಿಂತ ಗ್ರೈಂಡರ್ ಸದ್ದೇ ಜೋರು. ಒಂದ್ ಶೆಡ್ಡಲ್ಲಿ ನವಗ್ರಹದ ಸೆಟ್ ರೆಡಿಯಾಗ್ತಿತ್ತು. "ಹತ್ತು ಕುದುರೆ ರಥದ ಚಂದ್ರ ಇಲ್ಲೇ ಸಿಗ್ತಾನಲ್ಲೋ, ನಿಂಗ್ಯಾಕೋ ಆ ಡಬ್ಬ" ಅಂದ ಫ್ರೆಂಡು.

ಶೆಡ್ಡಿನ ಯಜಮಾನ್ರು ಮೊಬೈಲಲ್ಲಿ ವಿಕ್ರಮ್ ಫೋಟೋನ ಹಿಗ್ಗಿಸಿ ಹಿಗ್ಗಿಸಿ ನೋಡಿದ್ರು. "ಕಾಲು ಇಷ್ಟ್ ಸಣ್ಣ ತೆಗದ್ರೆ ಕಲ್ಲು ನಿಲ್ಲಲ್ಲ ಸಾರ್." ಕಲ್ಲು ಮೇಲಿಂದ ಎಷ್ಟು ಭಾರ ಬೇಕಾದ್ರೂ ಹೊರತ್ತಂತೆ, ಆದ್ರೆ ಸಣ್ಣಗಾದ ಕಡೆ ಅಡ್ಡ ಏಟು ಬಿದ್ರೆ ಪಟ್ ಅಂತ ಮುರಿಯತ್ತೆ, ದೇವ್ರ ಕೈ ಹಿಂದೆ ಪ್ರಭಾವಳಿ ತಾಗಿಸಿ ಬಿಡೋದು, ಕಾಲುಗಳ ಮಧ್ಯೆ ಕಲ್ಲು ಹಾಗೇ ಉಳಿಸೋದು ಇದಕ್ಕೇನೆ. ಹಂಗ್ ಮಾಡಿದ್ರೆ ಲ್ಯಾಂಡರ್ ಹೋಗಿ ಬಲಿಪೀಠ ಆಗತ್ತೆ, ನಾ ಒಪ್ಪಲಿಲ್ಲ.

ಪಂಚಲೋಹದಲ್ಲಿ ಮಾಡಣ ಅಂದ್ರು. ಮೊದ್ಲು ಮೇಣದಲ್ಲಿ ಲ್ಯಾಂಡರ್ ಮಾಡಿ, ಮೇಲೆ ಮಣ್ಣು ಮೆತ್ತಿ ಒಣಗಿಸಿ ಕಾಯಿಸೋದು, ಮೇಣ ಕರಗಿ ಹರಿದ್ಹೋದ ಜಾಗಕ್ಕೆ ಲೋಹ ಹುಯ್ಯೋದು, ಆಮೇಲೆ ಮಣ್ಣು ಒಡೆದು ಅರ ಹಾಕೋದು. ಇದ್ರಲ್ಲಾದ್ರೆ ನಾಕ್ ಕಾಲೂ ಸಣ್ಣಗೇ ಬರತ್ತಂತೆ. ಅಚ್ಚು ಒಡದ್ಬಿಡೋದ್ರಿಂದ ಇದೇ ಥರದ್ದು ಇನ್ನೊಂದು ಇರಲ್ಲ, ಕಲೆಕ್ಟರ್‌ಗೆ ಇನ್ನೇನ್ ಬೇಕು ಹೇಳಿ.

ಟೀ ಬಂತು, ನಾನು ಚಂದ್ರನ ಮೇಲೇ ಒಂದು ಲೋಹದ ಬೊಂಬೆ ಇದೆ ಅಂದೆ. ಬೆಲ್ಜಿಯಂನ ಪಾಲ್ ವಾನ್ ಹೋಯ್ಡಾಂಕ್ ಮಾಡಿದ್ದು, ಎಂಟೂವರೆ ಸೆಂಟಿಮೀಟರ್ ಅಲ್ಯೂಮಿನಿಯಂ ಗಗನಯಾತ್ರಿ, 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಅಲ್ಲಿ ಮಲಗಿಸಿ ಬಂದ್ರು, ಪಕ್ಕದಲ್ಲಿ ತೀರ್ಕೊಂಡ 14 ಜನ ಗಗನಯಾತ್ರಿಗಳ ಹೆಸರಿರೋ ಫಲಕ. ಅದ್ರಲ್ಲಿ ಅಮೆರಿಕದವ್ರೂ ಇದಾರೆ, ರಷ್ಯಾದವ್ರೂ ಇದಾರೆ. ನಂಗೆ ಎಲ್ಲಾ ಸ್ಟಾಂಪು ಬ್ಯಾಡ್ಜಿಗಿಂತ ಅದೇ ದೊಡ್ಡದು.

"ಅಲ್ಲಿ ಗಾಳಿ ಮಳೆ ಏನೂ ಇಲ್ವಲ್ಲ, ಕಿಲುಬು ಹಿಡಿಯೋ ಪ್ರಶ್ನೇನೇ ಇಲ್ಲ" ಅಂದ್ರು ಯಜಮಾನ್ರು, ಸ್ವಲ್ಪ ಹೊಟ್ಟೆಕಿಚ್ಚಲ್ಲೇ.

ರೇಟು ಮಾತಾಡಿ ಅಡ್ವಾನ್ಸ್ ಕೊಟ್ಟು ಎದ್ದೆ. ಪ್ರಗ್ಯಾನ್ ರೋವರ್‌ನ ಹಿಂದಿನ ಚಕ್ರದಲ್ಲಿ ಅಶೋಕ ಲಾಂಛನ, ಇಸ್ರೋ ಗುರುತು ಎರಡೂ ಇದಾವೆ, ಅದೂ ಬರ್ಬೇಕು ಅಂತ ಹೋಗ್ತಾ ಹೋಗ್ತಾ ಸೇರಿಸ್ದೆ. ಅವ್ರು ಫೋಟೋ ಇನ್ನೊಂದ್ಸಲ ಇಸ್ಕೊಂಡು ಚಕ್ರ ಎಣಿಸಿದ್ರು. "ಆರ್ ಚಕ್ರದ ಗಾಡಿ ಈ ರೇಟಲ್ಲಿ ಬರಲ್ಲ ಸಾರ್, ಸಿಂಹಕ್ಕೆ ಬೇರೆ ಮಜೂರಿ."