ಪೋರ್ಚುಗೀಸ್ ಸೈನಿಕನ ಸುತ್ತಲಿನ ಬಳೆಗಳು

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವಾರ ನಮ್ಮ ವಿಭಾಗದಲ್ಲಿ ಪಾಠಕ್ಕಿಂತ ಕಡತಗಳ ತಯಾರಿಯೇ ಜೋರಾಗಿತ್ತು. ಪಾಠದ ಗುರಿಗಳನ್ನು ಪದವಿಯ ಗುರಿಗಳಿಗೆ ಹೊಂದಿಸುವ ಸಿಒ-ಪಿಒ ಮ್ಯಾಪಿಂಗ್, ಆಂತರಿಕ ಪರೀಕ್ಷೆಯ (ಐಎ) ಅಂಕಪಟ್ಟಿ, ಆಯಾ ದಿನದ ಪಾಠ ಬರೆದಿಡುವ ವರ್ಕ್ ಡೈರಿ ಎಲ್ಲವೂ ವಿಭಾಗದ ಮುಖ್ಯಸ್ಥರಾದ ಎಚ್‌ಒಡಿ ಅವರ ಮೇಜು ಸೇರಿದ್ದವು. ದೃಶ್ಯಕಲೆಯ ಪದವಿಯಾದ ಬಿವಿಎ ಐದನೇ ಸೆಮಿಸ್ಟರಿನ ವಿಶ್ವಕಲಾ ಇತಿಹಾಸದಲ್ಲಿ ಇಡೀ ಆಫ್ರಿಕಾ ಖಂಡಕ್ಕೆ ಟೈಮ್‌ಟೇಬಲ್ ಉಳಿಸಿದ್ದ ಒಂದೇ ಒಂದು ಅವಧಿ, ತಂಡದ ಸದಸ್ಯರೊಬ್ಬರು ತರಗತಿಗೆ ಬಂದು ಕೂರುವ ಹೊತ್ತಿಗೇ ಬಂದು ಬಿದ್ದಿತ್ತು.

ನಾನು ಆರಿಸಿಕೊಂಡದ್ದು ಬೆನಿನ್ ರಾಜ್ಯದ ಹಿತ್ತಾಳೆ ಫಲಕಗಳನ್ನು. ಈಗಿನ ನೈಜೀರಿಯಾದಲ್ಲಿರುವ ಬೆನಿನ್ ನಗರದ ಅರಮನೆಯ ಕಂಬಗಳ ಮೇಲೆ ಒಂದು ಕಾಲಕ್ಕೆ ಸಾಲಾಗಿ ಕೂತಿದ್ದ ಈ ಫಲಕಗಳು ಹೆಚ್ಚಾಗಿ 16 ಮತ್ತು 17ನೇ ಶತಮಾನಗಳವು. 1897ರಲ್ಲಿ ಬ್ರಿಟಿಷ್ ಪಡೆ ಅರಮನೆಯನ್ನು ದೋಚಿದ ಮೇಲೆ ಯುರೋಪಿನ ಮ್ಯೂಸಿಯಂಗಳಿಗೆ ಹಂಚಿಹೋದವು. ಮೇಣದ ಮಾದರಿಗೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದ ಜಾಗಕ್ಕೆ ಲೋಹ ಹೊಯ್ಯುವ ಎರಕವನ್ನು ವಿವರಿಸುತ್ತ, ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಸೋಮೇಶ್ವರನ ಮಾನಸೋಲ್ಲಾಸ ಗ್ರಂಥದಲ್ಲಿಯೂ ಇದೇ ವಿಧಾನವಿದೆ ಎಂದೆ. ಸದಸ್ಯರು ತಲೆದೂಗಿದರು, ನಾನು ಉಬ್ಬಿದೆ.

ಮುಂದಿನ ಸ್ಲೈಡಿನಲ್ಲಿ ಕೋವಿ ಹಿಡಿದ ಪೋರ್ಚುಗೀಸ್ ಸೈನಿಕನಿದ್ದ. ಅವನ ಸುತ್ತ ಕುದುರೆ ಲಾಳದಂಥ ಆಕೃತಿಗಳಿದ್ದವು. "ಹಿನ್ನೆಲೆಯ ಖಾಲಿ ಜಾಗವನ್ನು ತುಂಬುವ ಅಲಂಕಾರ" ಎಂದು, ನಾಲ್ಕು ವರ್ಷಗಳಿಂದ ಹೇಳುತ್ತಿದ್ದಂತೆಯೇ, ಆವತ್ತೂ ಹೇಳಿದೆ.

ಮೂರನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ಇಷ್ಟೊಂದು ಹಿತ್ತಾಳೆ ಅವರಿಗೆ ಎಲ್ಲಿಂದ ಸಿಗುತ್ತಿತ್ತು?"

"ಅಲ್ಲಿಯೇ ಗಣಿಗಳಿದ್ದಿರಬೇಕು" ಎಂದುಬಿಟ್ಟೆ.

"ನಮ್ಮ ಮನೆಯಲ್ಲಿ ಒಂದು ದೀಪ ಎರಕ ಹೊಯ್ಯಬೇಕಾದರೂ ಮೊದಲು ಮೇಣ ತೂಗುತ್ತಾರೆ ಮೇಡಂ, ಅದನ್ನು ನೋಡಿಯೇ ಹಿತ್ತಾಳೆ ತರುವುದು. ಇಲ್ಲಿ ಅರಮನೆಯ ತುಂಬ ಇದೆಯಲ್ಲ?"

ಸದಸ್ಯರ ಪೆನ್ನು ನಿಂತಿತು. ಮೇಣವನ್ನು ತೂಗಿ ಲೋಹದ ಲೆಕ್ಕ ಹಾಕುವ ಮಾತು ನಾನು ಆಗಷ್ಟೇ ಹೆಸರಿಸಿ ಮೆರೆದಿದ್ದ ಮಾನಸೋಲ್ಲಾಸದಲ್ಲಿಯೇ ಇದೆ ಎಂಬುದು ನೆನಪಾಗಿ ಕಿವಿ ಬಿಸಿಯಾಯಿತು. ದಿನಕ್ಕೆರಡು ಬಾರಿ ತಾನಾಗಿಯೇ ಆರಿಹೋಗುವ ನಮ್ಮ ಪ್ರೊಜೆಕ್ಟರ್ ಆ ಕ್ಷಣದಲ್ಲಿ ಮಾತ್ರ ಆರಲಿಲ್ಲ. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಅದರ ಬದಲು, "ಅದು ಅರ್ಥಶಾಸ್ತ್ರದವರ ಪ್ರಶ್ನೆ, ನಾವು ಶೈಲಿಯನ್ನು ನೋಡೋಣ" ಎಂದೆ. ಹುಡುಗ ಕುಳಿತ. ಉಳಿದ ಇಪ್ಪತ್ತು ನಿಮಿಷ ನಾನು ಶೈಲಿಯ ಬಗ್ಗೆ ಆಡಿದ ಒಂದು ಮಾತೂ ಈಗ ನೆನಪಿಲ್ಲ.

ಸಂಜೆ ಸ್ಟಾಫ್ ರೂಮಿನಲ್ಲಿ ಕುಳಿತು ಓದಿದಾಗ ಉತ್ತರ ಸಿಕ್ಕಿತು. ಅದು ಪರದೆಯ ಮೇಲೆಯೇ ಇತ್ತು. ಸೈನಿಕನ ಸುತ್ತ ಇದ್ದದ್ದು ಮನಿಲ್ಲಾಗಳು, ಅಂದರೆ ಪೋರ್ಚುಗೀಸರು ಹಡಗುಗಳಲ್ಲಿ ತಂದು ಮೆಣಸು, ಆನೆದಂತ ಮತ್ತು ಮನುಷ್ಯರನ್ನು ಕೊಳ್ಳಲು ಕೊಡುತ್ತಿದ್ದ ಬಳೆಯಾಕಾರದ ಲೋಹದ ಹಣ. ಅದನ್ನು ಕರಗಿಸಿಯೇ ಬೆನಿನ್‌ನ ಎರಕದವರು ಫಲಕಗಳನ್ನು ಹೊಯ್ದಿದ್ದರು. ಮುಳುಗಿದ ಹಡಗುಗಳಲ್ಲಿ ಸಿಕ್ಕ ಮನಿಲ್ಲಾಗಳ ರಾಸಾಯನಿಕ ಪರೀಕ್ಷೆ 2023ರಲ್ಲಿ ಪ್ರಕಟವಾಗಿದ್ದು, ಆ ಲೋಹದ ಮೂಲ ಜರ್ಮನಿಯ ರೈನ್‌ಲ್ಯಾಂಡ್ ಎಂದು ತೋರಿಸಿದೆ. ಎರಕದವನು ತನ್ನ ಕಚ್ಚಾವಸ್ತುವನ್ನು, ಅದನ್ನು ಹೊತ್ತು ತಂದವನ ಸಮೇತ, ಅದೇ ಲೋಹದಲ್ಲಿ ಕೆತ್ತಿಟ್ಟಿದ್ದ. ನಾನು ಅದನ್ನು ಖಾಲಿ ಜಾಗ ತುಂಬುವ ಅಲಂಕಾರ ಎಂದು ಕರೆದಿದ್ದೆ.

ಮರುವಾರ ಗೋಥಿಕ್ ಅವಧಿಯಲ್ಲಿ ಹದಿನೈದು ನಿಮಿಷ ಕದ್ದು, ಆ ಹುಡುಗನ ಕ್ಷಮೆ ಕೇಳಿ, ಇದನ್ನು ಹೇಳಿದೆ. ಅವನಿಗಿದ್ದ ಮುಂದಿನ ಪ್ರಶ್ನೆ ಒಂದು ಫಲಕ ಎಷ್ಟು ಕಿಲೋ ತೂಗುತ್ತದೆ ಎಂಬುದಾಗಿತ್ತು.

ತಂಡದ ವರದಿಯಲ್ಲಿ ನಮ್ಮ ವಿಭಾಗದ ಐಸಿಟಿ, ಅಂದರೆ ಪ್ರೊಜೆಕ್ಟರ್‌ನಂಥ ತಂತ್ರಜ್ಞಾನದ, ಬಳಕೆ ತೃಪ್ತಿಕರವೆಂದಿದೆ. ಆ ದಿನದ ವರ್ಕ್ ಡೈರಿಯಲ್ಲಿ ನನ್ನದೇ ಅಕ್ಷರದಲ್ಲಿ "ಆಫ್ರಿಕಾ: ಪೂರ್ಣಗೊಂಡಿದೆ" ಎಂದಿದೆ, ಕೆಳಗೆ ಎಚ್‌ಒಡಿ ಅವರ ಸಹಿಯಿದೆ.