ಬೀಸುವ ಪದಗಳಿಗೆ ದುಡ್ಡು ಹೊಂದಿಸುವ ಕೆಲಸ: ಆರನೇ ತಿಂಗಳು

ಹೊಸದಾಗಿ ಓದುವವರಿಗೆ ಮೊದಲು ಎರಡು ಮಾತು. ಧಾರವಾಡದ ಒಂದು ಸಣ್ಣ ಪ್ರಕಾಶನ ಟ್ರಸ್ಟಿನಲ್ಲಿ ದೊಡ್ಡ ದೇಣಿಗೆಗಳ ಕೆಲಸ ನನ್ನದು. ಲಾಭಕ್ಕೆ ನಡೆಯುವ ಸಂಸ್ಥೆ ಅಲ್ಲ. ಐವತ್ತು ಸಾವಿರಕ್ಕಿಂತ ಜಾಸ್ತಿ ಕೊಡಬಲ್ಲವರನ್ನು ಹುಡುಕಿ, ಮನೆಗೆ ಹೋಗಿ ಮಾತಾಡಿ, ಕೊಟ್ಟ ಮೇಲೂ ಅವರ ಒಡನಾಟ ಬಿಡದೆ ಇರುವುದು. ಈಗ ಕೈಯಲ್ಲಿರುವುದು ಬೀಸುವ, ಕುಟ್ಟುವ ಪದಗಳ ಎರಡು ಸಂಪುಟ. ಊರಿಗೆ ಹಿಟ್ಟಿನ ಗಿರಣಿ ಬರುವ ಮುಂಚೆ ನಸುಕಿನಲ್ಲಿ ಎದ್ದು ಬೀಸುತ್ತ ಹಾಡಿದವರು ಈಗ ಎಂಬತ್ತು ದಾಟಿದ್ದಾರೆ. ತಡ ಮಾಡುವ ಹಾಗಿಲ್ಲ.

ಜನವರಿ: ಮೊದಲು ಬಜೆಟ್ ಕೂರಿಸಿದೆವು. ಒಟ್ಟು 9 ಲಕ್ಷ. ಮುದ್ರಣ, ಬೈಂಡಿಂಗ್ 4.6 ಲಕ್ಷ. ಹಾಡು ಬರೆದಿಳಿಸುವುದು, ಸಂಪಾದನೆ 2.6. ಹಾಡಿದವರ ಗೌರವಧನ 1.2. ಉಳಿದ 60 ಸಾವಿರ ಧ್ವನಿ ಸ್ವಚ್ಛ ಮಾಡಲಿಕ್ಕೆ. "ಪುಸ್ತಕ ಮಾರಿದರೆ ದುಡ್ಡು ಬರುತ್ತಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಎರಡೂ ಸೇರಿ 500 ರೂಪಾಯಿ ಬೆಲೆ, 1000 ಪ್ರತಿ. ಅಂಗಡಿಯವರ ಕಮಿಷನ್ ಶೇಕಡಾ 40 ಅಂತ ಹಿಡಿಯಿರಿ. ಒಂದೂ ಉಳಿಯದಂತೆ ಮಾರಿದರೂ ಕೈಗೆ ಬರುವುದು 3 ಲಕ್ಷ. ಅಚ್ಚಿನ ಖರ್ಚೂ ಹುಟ್ಟುವುದಿಲ್ಲ. ಇದೇ ಊರಿನಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿಕೊಂಡು ನಡೆದದ್ದು. ಆ ದಾರಿ ನನಗೆ ತುಂಬ ಇಷ್ಟ. ಆದರೆ ಚಂದಾ ಹಣದಲ್ಲಿ ಅಚ್ಚು ಹಾಕಿಸಬಹುದು, ವರ್ಷಗಟ್ಟಲೆ ಕೂತು ಹಾಡು ಕೇಳಿ ಬರೆಸುವುದು ಕಷ್ಟ. ದೊಡ್ಡ ದೇಣಿಗೆ ಬೇಕಾಗುವುದು ಅಲ್ಲೇ. ನಮ್ಮ ಟ್ರಸ್ಟಿಗಳೇ ಮೊದಲು 80 ಸಾವಿರ ಹಾಕಿದರು. ಮನೆಯವರು ಕೊಡದೆ ಹೊರಗಿನವರ ಹತ್ತಿರ ಹೋಗಬಾರದು ಅನ್ನುವುದು ನನ್ನ ಹಟ.

ಫೆಬ್ರವರಿ: ಡಾಕ್ಟರ್ ದಂಪತಿಯಿಂದ 1.5 ಲಕ್ಷ. 80ಜಿ, ಅಂದರೆ ದೇಣಿಗೆ ಕೊಟ್ಟವರಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿಯ ಬಗ್ಗೆ ಹೇಳಲು ಹೊರಟೆ. "ನಾವು ಹೊಸ ತೆರಿಗೆ ಪದ್ಧತಿಗೆ ಹೋಗೀವ್ರಿ, ಅದು ನಮಗ ಸಿಗೂದಿಲ್ಲ" ಅಂದರು. ಆದರೂ ಕೊಟ್ಟರು. ಅವತ್ತಿನಿಂದ ಮಾತನ್ನು ತೆರಿಗೆಯಿಂದ ಶುರು ಮಾಡುವುದು ಬಿಟ್ಟಿದ್ದೇನೆ.

ಮಾರ್ಚ್: ಕ್ಯಾಲಿಫೋರ್ನಿಯಾದಲ್ಲಿರುವ ಒಬ್ಬರು ತಾವಾಗಿಯೇ 3 ಲಕ್ಷ ಕೊಡುತ್ತೇನೆ ಅಂದರು. ಕುಣಿಯುವಷ್ಟು ಖುಷಿ. ಆಮೇಲೆ ವಿಚಾರಿಸಿದರೆ ಅವರದು ಅಮೆರಿಕದ ಪೌರತ್ವ, ಒಸಿಐ ಕಾರ್ಡು (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು). ಭಾರತದ ಪಾಸ್‌ಪೋರ್ಟ್ ಇದ್ದಿದ್ದರೆ ತೊಂದರೆ ಇರಲಿಲ್ಲ. ಒಸಿಐ ಇದ್ದವರು ಕೊಟ್ಟರೆ ಕಾನೂನಿನ ಪ್ರಕಾರ ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗಿಲ್ಲ. "ತಮ್ಮನ ಖಾತೆಯಿಂದ ಕಳಿಸಲಾ?" ಅಂದರು. ಬೇಡ ಸರ್ ಅಂದೆ. ಹಾಗೆ ಸುತ್ತಿಸಿ ತಂದ ದುಡ್ಡು ಟ್ರಸ್ಟಿಗೇ ಕುತ್ತು. ಫೋನಿಟ್ಟ ಮೇಲೆ ಬಹಳ ಹೊತ್ತು ಏನೂ ಕೆಲಸ ಮಾಡಲಾಗಲಿಲ್ಲ.

ಏಪ್ರಿಲ್: ಹುಬ್ಬಳ್ಳಿಯಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆ ಇರುವ ಹಿರಿಯರು. ಇದು ಮೂರನೇ ಭೇಟಿ. ಈ ಸಲ ಪ್ರೆಸ್ಸಿನಿಂದ ಎರಡು ಡಮ್ಮಿ, ಅಂದರೆ ಮಾದರಿ ಪುಸ್ತಕ, ಮಾಡಿಸಿಕೊಂಡು ಹೋಗಿದ್ದೆ. ಎರಡೂ ಖಾಲಿ ಹಾಳೆ, 400 ಪುಟ, ಸಾಧಾರಣ ಪುಸ್ತಕದ ಡೆಮಿ ಅಳತೆ. ಒಂದು ಬರೀ ಅಂಟು ಹಾಕಿದ್ದು, ಇನ್ನೊಂದು ಹದಿನಾರು ಪುಟಕ್ಕೆ ಮಡಿಚಿದ ಇಪ್ಪತ್ತೈದು ಹಾಳೆಗಳನ್ನು (ಪ್ರೆಸ್ಸಿನವರ ಮಾತಿನಲ್ಲಿ ಫಾರಂ) ದಾರದಿಂದ ಹೊಲಿದದ್ದು. ಅವರು ಕನ್ನಡಕ ಏರಿಸಿ ಅಂಟಿನದನ್ನು ನಡುವೆ ಬಿಚ್ಚಿ ಅಂಗೈಯಿಂದ ಒತ್ತಿದರು. ಪುಸ್ತಕದ ಬೆನ್ನು ಚಟ್ ಅಂತು. ಹೊಲಿದದ್ದನ್ನೂ ಹಾಗೇ ಒತ್ತಿದರು. ಅದು ಮೇಜಿನ ಮೇಲೆ ಸಪಾಟಾಗಿ ಮಲಗಿತು. ಹಾಳೆಗಳ ನಡುವೆ ಕಾಣುವ ದಾರವನ್ನು ಉಗುರಿನಿಂದ ಮೀಟಿ ನೋಡಿದರು.

"ನನ್ನಿಂದ ಎಷ್ಟ ಆಗಬೇಕ್ರಿ?"

"ಮೂರು ಲಕ್ಷ, ಸರ್."

ಹೇಳಿ ಸುಮ್ಮನಾದೆ. ಈ ಕೆಲಸದಲ್ಲಿ ನನಗೆ ಅತಿ ಕಷ್ಟದ ಗಳಿಗೆ ಇದು. ಮೊತ್ತ ಹೇಳಿದ ಕೂಡಲೇ "ಆದಷ್ಟು ಕೊಡಿ" ಅಂತ ಸೇರಿಸಲು ನಾಲಿಗೆ ತುರಿಸುತ್ತದೆ. ಸೇರಿಸಬಾರದು. ಯೋಚಿಸುತ್ತಿರುವವರ ಯೋಚನೆಗೆ ಅಡ್ಡ ಬಂದಂತೆ ಆಗುತ್ತದೆ. ಹೊರಗೆ ಲೇತ್ ತಿರುಗುವ ಸದ್ದು. ಅವರು ಹೊಲಿದ ಡಮ್ಮಿಯನ್ನು ಇಟ್ಟುಕೊಂಡು, "ಇದು ನನ್ನ ಹತ್ರ ಇರ್ಲಿ, ನೋಡೋಣು" ಅಂದರು ಅಷ್ಟೇ.

ಮೇ: ನನ್ನಿಂದ ಒಂದು ತಪ್ಪಾಯಿತು. ಕೊಟ್ಟವರ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಫಾರ್ಮ್ 10ಬಿಡಿಯಲ್ಲಿ ಮೇ 31ರೊಳಗೆ ಸಲ್ಲಿಸಬೇಕಿತ್ತು. ಡಾಕ್ಟರ್ ಅವರ ಪ್ಯಾನ್ ನಂಬರಿನಲ್ಲಿ ಒಂದು ಅಂಕಿ ತಪ್ಪು ಹೊಡೆದಿದ್ದೆ. ತಿದ್ದಿ ಮತ್ತೆ ಸಲ್ಲಿಸಿ, ಹೊಸ ಪ್ರಮಾಣಪತ್ರ ಹಿಡಿದು ಮನೆಗೇ ಹೋಗಿ ಕ್ಷಮೆ ಕೇಳಿದೆ. ಇನ್ನು ಮುಂದೆ ಪ್ಯಾನ್ ಕಾರ್ಡಿನ ಫೋಟೊ ಎದುರಿಗಿಟ್ಟುಕೊಂಡೇ ತುಂಬುವುದು.

ಅದೇ ವಾರ ಹುಬ್ಬಳ್ಳಿಯಿಂದ ಫೋನ್. "ಆ ಹೊಲಿಗಿ ಖರ್ಚು ಬ್ಯಾರೆ ಎಷ್ಟಾಗ್ತದ ಹೇಳ್ರಿ." ಪ್ರೆಸ್ಸಿನವರ ಲೆಕ್ಕ ಕಳಿಸಿದೆ. ಬಂದದ್ದು 3.5 ಲಕ್ಷದ ಚೆಕ್. ಎರಡೂ ಸಂಪುಟ ಹೊಲಿದೇ ಬರಬೇಕು, ರಟ್ಟೂ ಗಟ್ಟಿ ಇರಬೇಕು, ಅದೊಂದೇ ಷರತ್ತು. ಹೆಸರು ಹಾಕುವುದು ಬೇಡವಂತೆ.

ಜೂನ್: ಬಂದದ್ದು 5.8 ಲಕ್ಷ, ಬೇಕಾದದ್ದು ಇನ್ನೂ 3.2. ಮೊದಲ ಸಂಪುಟದ ಹನ್ನೊಂದು ಫಾರಂ ಕರಡು ತಿದ್ದಿ ಆಗಿದೆ. ಬುಧವಾರ ರಾಣೆಬೆನ್ನೂರಿಗೆ ಹೋಗುತ್ತಿದ್ದೇನೆ, ಬೀಜದ ವ್ಯಾಪಾರದ ಒಂದು ಮನೆತನ. ಅವರ ಅಜ್ಜಿಗೆ ಬೀಸುವ ಪದ ಬಹಳ ಬರುತ್ತವಂತೆ. ಅವತ್ತು ದುಡ್ಡಿನ ಮಾತು ಎತ್ತುವುದಿಲ್ಲ. ರೆಕಾರ್ಡರ್ ಮಾತ್ರ ಒಯ್ಯುತ್ತೇನೆ.