ಐವತ್ತನೇ ಚೀಟಿ: ಶಾಯಿಯಿಂದ ಮತ್ತೆ ಪೆನ್ಸಿಲ್‌ಗೆ

ನೂರು ಚೀಟಿಯ ಗುರಿಯಲ್ಲಿ ಐವತ್ತು ಮುಗಿಯಿತು. ನಿಯಮ ಹಳೆಯದೇ. ದಿನಕ್ಕೊಂದು ಸಾಮಾನ್ಯ ಜ್ಞಾನದ ಪ್ರಶ್ನೆ ಹುಡುಕಬೇಕು, ಸಿಕ್ಕ ಉತ್ತರವನ್ನು ಪೆನ್ಸಿಲ್‌ನಲ್ಲಿ ಬರೆಯಬೇಕು. ಇನ್ನೆರಡು ಕಡೆ ತಾಳೆಯಾದರೆ ಮಾತ್ರ ಶಾಯಿ. ಇವತ್ತಿನ ಲೆಕ್ಕ: ಶಾಯಿ 41, ಪೆನ್ಸಿಲ್ 7, ಹರಿದು ಹಾಕಿದ್ದು 2.

ಈ ವಾರ ಜಾಸ್ತಿ ಸತಾಯಿಸಿದ್ದು ತೀರಾ ಸುಲಭ ಅನ್ನಿಸಿದ ಪ್ರಶ್ನೆ. ಜಗತ್ತಿನ ಅತಿ ಎತ್ತರದ ಪರ್ವತ ಯಾವುದು? ಎವರೆಸ್ಟ್, ಅಲ್ವಾ? 8,848.86 ಮೀಟರ್. ನೇಪಾಳ ಮತ್ತು ಚೀನಾ ಸೇರಿ 2020ರಲ್ಲಿ ಹೇಳಿದ ಅಳತೆ. ಐದು ನಿಮಿಷದ ಕೆಲಸ ಅಂದುಕೊಂಡಿದ್ದೆ, ಎರಡು ಸಂಜೆ ನುಂಗಿತು.

ಆ ಅಳತೆ ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ್ದು. ಬುಡದಿಂದ ತುದಿಗೆ ಅಳೆದರೆ ಹವಾಯಿಯ ಮೌನಾ ಕೆಯಾ ಗೆಲ್ಲುತ್ತದೆ. ಕಣ್ಣಿಗೆ ಕಾಣುವುದು 4,200 ಮೀಟರ್ ಚಿಲ್ಲರೆ, ಮಿಕ್ಕದ್ದು ಕಡಲೊಳಗೆ. ಒಟ್ಟು 10,000 ಮೀಟರ್ ದಾಟುತ್ತದೆ. ಇನ್ನು ಭೂಮಿಯ ಕೇಂದ್ರದಿಂದ ಅಳೆದರೆ ಈಕ್ವೆಡಾರ್‌ನ ಚಿಂಬೊರಾಜೊ ಮುಂದೆ ಬರುತ್ತದೆ. ಅದರ ಎತ್ತರ ಬರೀ 6,263 ಮೀಟರ್. ಆದರೆ ತಿರುಗಿ ತಿರುಗಿ ಭೂಮಿಯ ನಡು ಉಬ್ಬಿದೆ. ಕೇಂದ್ರದಿಂದ ಧ್ರುವಕ್ಕೆ ಇರುವ ದೂರಕ್ಕಿಂತ ಸಮಭಾಜಕಕ್ಕೆ ಇರುವ ದೂರ ಸುಮಾರು 21 ಕಿ.ಮೀ. ಹೆಚ್ಚು. ಚಿಂಬೊರಾಜೊ ಆ ಉಬ್ಬಿನ ಮೇಲೇ ನಿಂತಿದೆ. ಹಾಗಾಗಿ ಅದರ ತುದಿ ಎವರೆಸ್ಟ್‌ನ ತುದಿಗಿಂತ ಸುಮಾರು 2 ಕಿ.ಮೀ. ಆಚೆ! ಕೊನೆಗೆ ಉತ್ತರ ಮುಟ್ಟಲಿಲ್ಲ. ಪ್ರಶ್ನೆಗೇ ‘ಸಮುದ್ರ ಮಟ್ಟದಿಂದ’ ಅಂತ ಸೇರಿಸಿ ಶಾಯಿ ಹಾಕಿದೆ.

ಆಮೇಲೆ ಹಳೆಯ ಚೀಟಿಗಳ ಮೇಲೂ ಅನುಮಾನ ಶುರುವಾಯಿತು. ‘ಶುಕ್ರ ಗ್ರಹದಲ್ಲಿ ವರ್ಷಕ್ಕಿಂತ ದಿನವೇ ದೊಡ್ಡದು’ ಎಂದು ಜಂಬದಿಂದ ಶಾಯಿಯಲ್ಲಿ ಬರೆದಿದ್ದೆ. ತನ್ನ ಸುತ್ತ ಒಂದು ಸುತ್ತಿಗೆ ನಮ್ಮ 243 ದಿನ, ಸೂರ್ಯನ ಸುತ್ತ 225 ದಿನ. ಸರಿಯೇ. ಆದರೆ ಶುಕ್ರ ಉಲ್ಟಾ ತಿರುಗುವುದರಿಂದ ಅಲ್ಲಿ ಒಂದು ಸೂರ್ಯೋದಯದಿಂದ ಮುಂದಿನದಕ್ಕೆ ಸುಮಾರು 117 ದಿನ ಸಾಕು. ನಾವು ದಿನ ಅನ್ನುವುದು ಇದನ್ನೇ ತಾನೇ? ಚೀಟಿ ಮತ್ತೆ ಪೆನ್ಸಿಲ್‌ಗೆ ಬಂತು.

ಆಕ್ಟೋಪಸ್‌ಗೆ ಮೂರು ಹೃದಯ, ಇದು ತಕರಾರಿಲ್ಲದೆ ಪಾಸಾಯಿತು. ಎರಡು ಕಿವಿರುಗಳಿಗೆ ರಕ್ತ ತಳ್ಳುತ್ತವೆ, ಒಂದು ಮಿಕ್ಕ ಮೈಗೆ. ಹರಿದದ್ದರಲ್ಲಿ ಒಂದು ಚೀನಾದ ಮಹಾಗೋಡೆ ಬಾಹ್ಯಾಕಾಶದಿಂದ ಬರಿಗಣ್ಣಿಗೆ ಕಾಣುತ್ತದೆ ಅನ್ನುವುದು. 2003ರಲ್ಲಿ ಹೋಗಿಬಂದ ಚೀನಾದ ಗಗನಯಾತ್ರಿ ಯಾಂಗ್ ಲಿವೈ ಅವರೇ ತಮಗೆ ಕಾಣಲಿಲ್ಲ ಅಂದಿದ್ದಾರೆ. ಇನ್ನೊಂದು ಗೋಲ್ಡ್‌ಫಿಶ್‌ನ ನೆನಪು ಮೂರೇ ಸೆಕೆಂಡ್ ಅನ್ನುವುದು. ತರಬೇತಿ ಕೊಟ್ಟರೆ ಅದು ಕಲಿತದ್ದನ್ನು ತಿಂಗಳುಗಟ್ಟಲೆ ನೆನಪಿಡುತ್ತದೆ, ಪಾಪ.

ನಿಯಮಕ್ಕೂ ಒಂದು ತಿದ್ದುಪಡಿ ಬೇಕಾಯಿತು. ಮೀನಿನ ಚೀಟಿಗೆ ಮೂರು ಕಡೆ ತಾಳೆಯಾಗಿತ್ತು. ಆಮೇಲೆ ನೋಡಿದರೆ ಮೂರರಲ್ಲೂ ಒಂದೇ ಅಕ್ಷರ ತಪ್ಪು! ಒಬ್ಬರದ್ದು ಇನ್ನೊಬ್ಬರು ಸುಮ್ನೆ ನಕಲು ಮಾಡಿದ್ದು. ಇನ್ಮೇಲೆ ಇಂಥದ್ದೆಲ್ಲ ಒಂದೇ ಸಾಕ್ಷಿ.

ಮುಂದಿನ ಚೀಟಿ: ಅತಿ ಉದ್ದದ ನದಿ ನೈಲೋ, ಅಮೆಜಾನೋ? ಯಾವ ತೊರೆಯನ್ನು ಮೂಲ ಅನ್ನುತ್ತೀರಿ ಅನ್ನುವುದರ ಮೇಲೆ ಅಳತೆಯೇ ಬದಲಾಗುತ್ತದಂತೆ. ಪೆನ್ಸಿಲ್ ಚೂಪು ಮಾಡಿಟ್ಟಿದ್ದೇನೆ.